ಮತ್ಸ್ಯಾಲಯಕ್ಕೆ ಮಕ್ಕಳನ್ನು ಕರೆದೊಯ್ದಾಗ ಯಾವ ತೊಟ್ಟಿಯ ಮುಂದೆ ಹೆಚ್ಚು ಹೊತ್ತು ನಿಲ್ಲಿಸಬೇಕು?

ನವನಗರದ ವಿಜ್ಞಾನ ಶಿಕ್ಷಕ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರೌಢಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳನ್ನು ಈ ಸಲದ ಶೈಕ್ಷಣಿಕ ಪ್ರವಾಸದಲ್ಲಿ ಸಿಹಿನೀರಿನ ಜೀವಿಗಳೂ ಕಡಲಿನ ಜೀವಿಗಳೂ ಇರುವ ಸಾರ್ವಜನಿಕ ಮತ್ಸ್ಯಾಲಯವೊಂದಕ್ಕೆ ಕರೆದುಕೊಂಡು ಹೋಗಬೇಕೆಂದು ಯೋಚಿಸಿದ್ದೇವೆ. ಕೊಲ್ಹಾಪುರದ ಮೇಲೆ ಹಾಯ್ದು ಅಂಬಾ ಘಾಟ ಇಳಿದು ರತ್ನಾಗಿರಿಗೆ ಹೋದರೆ, ಅಲ್ಲಿ ಕೊಂಕಣ ಕೃಷಿ ವಿದ್ಯಾಪೀಠದ ಸಾಗರ ಜೀವಶಾಸ್ತ್ರ ಸಂಶೋಧನಾ ಕೇಂದ್ರಕ್ಕೆ ಸೇರಿದ ಮತ್ಸ್ಯಾಲಯವನ್ನೂ ವಸ್ತುಸಂಗ್ರಹಾಲಯದಲ್ಲಿರುವ ತಿಮಿಂಗಿಲದ ಅಸ್ಥಿಪಂಜರವನ್ನೂ ತೋರಿಸಬಹುದು. ಬೆಂಗಳೂರಿನ ಕಬ್ಬನ್ ಉದ್ಯಾನದ ಸರ್ಕಾರಿ ಮತ್ಸ್ಯಾಲಯದ ಹೆಸರೂ ಚರ್ಚೆಗೆ ಬಂದಿತ್ತು. ಆದರೆ ನಮ್ಮ ಮಕ್ಕಳಲ್ಲಿ ಬಹಳಷ್ಟು ಜನ ಸಮುದ್ರವನ್ನೇ ನೋಡಿಲ್ಲವಾದ್ದರಿಂದ ಕರಾವಳಿಯ ಕಡೆಗೇ ಮನಸ್ಸು ವಾಲಿದೆ.

ನನ್ನ ಪ್ರಶ್ನೆ ಸ್ಥಳದ ಬಗ್ಗೆ ಅಲ್ಲ, ನೋಡುವ ರೀತಿಯ ಬಗ್ಗೆ. ಇಂಥ ಕಡೆ ಮಕ್ಕಳು ಮೊದಲ ಸಾಲಿನಲ್ಲಿರುವ ಬೂದು ಬಣ್ಣದ ನದಿ ಮೀನುಗಳನ್ನು ಕಣ್ಣೆತ್ತಿಯೂ ನೋಡದೆ ಬಣ್ಣಬಣ್ಣದ ಕಡಲ ಮೀನುಗಳತ್ತ ಓಡುತ್ತಾರೆ, ನಾಲ್ಕು ಫೋಟೊ ತೆಗೆದುಕೊಂಡು ಹೊರಗೆ ಬರುತ್ತಾರೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ನಡುವೆ ಬೆಳೆದ ಮಕ್ಕಳಿಗೆ ತಮ್ಮ ನೀರಿನ ಮೀನು ಬೇಸರ ತರುವುದು ನನಗೆ ಸರಿ ಕಾಣುವುದಿಲ್ಲ. ಹೋಗುವ ಮುನ್ನ ತರಗತಿಯಲ್ಲಿ ಏನು ಹೇಳಿಕೊಡಬೇಕು, ಅಲ್ಲಿ ಏನನ್ನು ಗಮನಿಸಲು ಹೇಳಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ನಿವೃತ್ತ ಮೀನುಗಾರಿಕೆ ಅಧಿಕಾರಿ, ವಿಜಯಪುರ

ಗುರುಗಳೇ, ನೀವು ಕೇಳಿದ್ದು ಬಹಳ ಸಂತೋಷ ತಂದಿತು. ಮೀನಿಗಿಂತ ಮೊದಲು ನೀರಿನ ಬಗ್ಗೆ ಹೇಳಿಕೊಡಿ ಎಂಬುದು ನನ್ನ ಸಲಹೆ. ಕಡಲಿನ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಸಿಹಿನೀರು ಎಂದು ನಾವು ಕರೆಯುವ ನೀರಿನಲ್ಲಿ ಅರ್ಧ ಗ್ರಾಂಗಿಂತಲೂ ಕಡಿಮೆ. ಆದರೆ ಆಲಮಟ್ಟಿಯ ರೋಹುವಿನ ರಕ್ತಕ್ಕೂ ಮಾಲವಣದ ಬಂಗಡೆಯ ರಕ್ತಕ್ಕೂ ಉಪ್ಪಿನಂಶದಲ್ಲಿ ಅಂಥ ದೊಡ್ಡ ಅಂತರವಿಲ್ಲ. ಎರಡರ ರಕ್ತವೂ ಕಡಲ ನೀರಿನ ಮೂರನೆಯ ಒಂದು ಭಾಗದ ಆಸುಪಾಸಿನಷ್ಟೇ ಉಪ್ಪಾಗಿರುತ್ತದೆ. ಹೀಗಾಗಿ ನದಿಯ ಮೀನು ತನಗಿಂತ ಸಪ್ಪೆಯಾದ ನೀರಿನಲ್ಲಿಯೂ ಕಡಲಿನ ಮೀನು ತನಗಿಂತ ಉಪ್ಪಾದ ನೀರಿನಲ್ಲಿಯೂ ಬದುಕಬೇಕು, ಎರಡಕ್ಕೂ ಹಗಲಿರುಳು ಅದೇ ದುಡಿಮೆ.

ನದಿಯ ಮೀನಿನ ಒಳಗೆ ಕಿವಿರಿನ ಮೂಲಕ ನೀರು ತಾನಾಗಿಯೇ ನುಗ್ಗುತ್ತಲೇ ಇರುತ್ತದೆ. ಆದ್ದರಿಂದ ಅದು ನೀರನ್ನು ಕುಡಿಯುವುದು ಅತ್ಯಲ್ಪ, ತೆಳುವಾದ ಮೂತ್ರವನ್ನು ಮಾತ್ರ ಧಾರಾಳವಾಗಿ ಹೊರಹಾಕುತ್ತದೆ. ಆ ಮೂತ್ರದೊಡನೆ ಹೋಗುವ ಲವಣಗಳನ್ನು ಕಿವಿರಿನಲ್ಲಿರುವ ವಿಶೇಷ ಕೋಶಗಳು ಹೊರಗಿನ ನೀರಿನಿಂದ ಮತ್ತೆ ಹೀರಿ ತರುತ್ತವೆ. ಕಡಲಿನ ಮೀನಿಗೆ ಎಲ್ಲವೂ ಇದಕ್ಕೆ ವಿರುದ್ಧ. ಸುತ್ತಲೂ ನೀರಿದ್ದರೂ ಅದರ ಮೈಯಿಂದ ನೀರು ಹೊರಗೆ ಹೋಗುತ್ತಲೇ ಇರುವುದರಿಂದ ಅದು ಉಪ್ಪುನೀರನ್ನೇ ಕುಡಿಯುತ್ತದೆ, ಹೆಚ್ಚಾದ ಉಪ್ಪನ್ನು ಕಿವಿರಿನಿಂದ ಹೊರಗೆ ತಳ್ಳುತ್ತದೆ, ಮೂತ್ರವನ್ನು ಆದಷ್ಟು ಕಡಿಮೆ ಮಾಡುತ್ತದೆ. ಶಾರ್ಕ್ ಮತ್ತು ತೊರಕೆ ಮೀನುಗಳು ಮೂರನೆಯ ದಾರಿ ಹಿಡಿದಿವೆ. ಅವು ಯೂರಿಯಾವನ್ನು ರಕ್ತದಲ್ಲಿಯೇ ಉಳಿಸಿಕೊಂಡು ಕಡಲಿನ ನೀರಿಗೆ ಸರಿಸಮನಾಗಿ ನಿಲ್ಲುತ್ತವೆ.

ಇದನ್ನು ತಿಳಿದು ಒಳಗೆ ಹೋದ ಮಗು ಬೂದು ಬಣ್ಣದ ಮೀನಿನ ಮುಂದೆ ಖಂಡಿತ ನಿಲ್ಲುತ್ತದೆ.

ಇಬ್ಬರು ಮಕ್ಕಳ ತಾಯಿ, ವಿಜಯಪುರ

ಸಾಹೇಬರೇ, ನೀವು ಬರೆದದ್ದನ್ನು ನನ್ನ ಹಿರಿಯ ಮಗಳಿಗೆ ಓದಿ ಹೇಳಿದೆ. ಹಾಗಾದರೆ ನದಿಯ ಮೀನನ್ನು ಕಡಲಿಗೆ ಬಿಟ್ಟರೆ ನೀರಿನ ನಡುವೆಯೇ ಬಾಯಾರಿ ಸಾಯುತ್ತದೆಯೇ ಎಂದು ಅವಳು ಕೇಳುತ್ತಿದ್ದಾಳೆ. ನನ್ನ ಚಿಕ್ಕ ಮಗನದು ಬೇರೆ ಪ್ರಶ್ನೆ. ಒಂದು ಮೀನು ಪ್ರದರ್ಶನದಲ್ಲಿ ಪಿರಾನ್ಹಾ ಎಂದು ಫಲಕ ಹಾಕಿದ ತೊಟ್ಟಿಯನ್ನು ನೋಡಿ ಅವನು ಬಹಳ ಹೆದರಿದ್ದ. ಆದರೆ ಆ ಮೀನು ನಮ್ಮ ಸಂತೆಯಲ್ಲಿ ಮಾರುವ ರೂಪಚಂದ ಮೀನಿನ ಹಾಗೆಯೇ ಕಾಣುತ್ತಿತ್ತು. ಎರಡೂ ಒಂದೆಯೇ?

ನಿವೃತ್ತ ಮೀನುಗಾರಿಕೆ ಅಧಿಕಾರಿ, ವಿಜಯಪುರ

ತಾಯಿ, ನಿಮ್ಮ ಮಗಳು ಸರಿಯಾಗಿಯೇ ಹಿಡಿದಿದ್ದಾಳೆ. ರೋಹುವನ್ನು ಕಡಲಿಗೆ ಬಿಟ್ಟರೆ ಅದರ ಮೈಯ ನೀರು ಹೊರಗೆ ಸೋರಿ ಅದು ಒಣಗಿಯೇ ಸಾಯುತ್ತದೆ. ಎರಡೂ ಕಡೆ ಬದುಕಬಲ್ಲ ಕೆಲವೇ ಮೀನುಗಳಿವೆ. ಈಲ್ ಜಾತಿಯ ಹಾವುಮೀನು ನದಿಯಲ್ಲಿ ಬೆಳೆದು ಮೊಟ್ಟೆಯಿಡಲು ಸಮುದ್ರಕ್ಕೆ ಹೋಗುತ್ತದೆ. ಹಿಲ್ಸಾ ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ನದಿಗೆ ಬರುತ್ತದೆ. ದಾರಿಯಲ್ಲಿ ಅವುಗಳ ಕಿವಿರಿನ ಕೆಲಸವೇ ತಿರುವುಮುರುವಾಗುತ್ತದೆ. ನಮ್ಮ ಕೃಷ್ಣೆ ಬಂಗಾಳ ಕೊಲ್ಲಿಯನ್ನು ಸೇರುವ ಮೊದಲು ನಾರಾಯಣಪುರ, ಜುರಾಲಾ, ಶ್ರೀಶೈಲ, ನಾಗಾರ್ಜುನಸಾಗರದ ಅಣೆಕಟ್ಟುಗಳನ್ನೂ ಪ್ರಕಾಶಂ ಬ್ಯಾರೇಜನ್ನೂ ದಾಟಬೇಕು. ಹಾವುಮೀನಿನ ಮರಿಗೆ ಕಡಲಿನಿಂದ ಇಷ್ಟನ್ನೂ ಏರಿ ಆಲಮಟ್ಟಿಯವರೆಗೆ ಬರುವ ದಾರಿ ಉಳಿದಿಲ್ಲ. ಮತ್ಸ್ಯಾಲಯದಲ್ಲಿ ಅದು ಕಂಡರೆ ಮಕ್ಕಳಿಗೆ ಈ ಮಾತನ್ನೂ ಹೇಳಬೇಕು.

ರೂಪಚಂದ ದಕ್ಷಿಣ ಅಮೆರಿಕದ ಪಾಕು ಎಂಬ ಮೀನು, ಪಿರಾನ್ಹಾದ ಸಂಬಂಧಿ. ಇಲ್ಲಿ ಸಾಕುವುದು ಇದನ್ನೇ. ಹಲ್ಲುಗಳನ್ನು ನೋಡಿದರೆ ಗೊತ್ತಾಗುತ್ತದೆ: ಪಿರಾನ್ಹಾದ ಹಲ್ಲು ತ್ರಿಕೋನಾಕಾರದಲ್ಲಿ ಹರಿತವಾಗಿರುತ್ತದೆ, ಪಾಕುವಿನ ಹಲ್ಲು ಹಣ್ಣು, ಬೀಜಗಳನ್ನು ಒಡೆಯುವುದಕ್ಕಾಗಿ ಚಪ್ಪಟೆಯಾಗಿ ಮನುಷ್ಯರ ಹಲ್ಲಿನಂತೆಯೇ ಇರುತ್ತದೆ. ಮಗನಿಗೆ ಹೆದರಬೇಡ ಎಂದು ಹೇಳಿ. ಫಲಕವನ್ನು ಓದಿದ ಮೇಲೆ ಮೀನಿನ ಬಾಯಿಯನ್ನೂ ನೋಡು ಎಂದು ಹೇಳಿ.

ಆಲಮಟ್ಟಿ ಹಿನ್ನೀರಿನ ಮೀನುಗಾರರ ಮನೆಯವನು

ಗುರುಗಳೇ, ನಾನು ಪದವಿ ಓದಿದ್ದರೂ ಈಗ ಅಣ್ಣಂದಿರ ಜೊತೆ ಬಲೆಯ ಕೆಲಸದಲ್ಲಿದ್ದೇನೆ. ನದಿಯ ಪಕ್ಕದಲ್ಲಿ ಬೆಳೆದ ಮಕ್ಕಳಿಗೆ ನದಿಯ ಮೀನು ಗೊತ್ತಿರುತ್ತದೆ ಎಂದು ತಿಳಿದರೆ ಅದು ಸರಿಯಲ್ಲ. ಹೊಳೆಯ ನೀರು ಕೆಂಪಾಗಿರುತ್ತದೆ ಇಲ್ಲವೇ ಹಸಿರಾಗಿರುತ್ತದೆ, ಒಂದು ಮೊಳದ ಕೆಳಗೆ ಏನೂ ಕಾಣುವುದಿಲ್ಲ. ನಾವೂ ನಮ್ಮ ಮೀನುಗಳನ್ನು ನೋಡುವುದು ನೀರಿನಿಂದ ಹೊರಗೆ ತೆಗೆದ ಮೇಲೆಯೇ. ಬುಟ್ಟಿಯಲ್ಲಿ ಬಿದ್ದ ಕಾಟ್ಲಾ ಹೇಗೆ ಈಜುತ್ತದೆ, ಬಾಳೆ ಮೀನು ಹಗಲಿನಲ್ಲಿ ಎಲ್ಲಿ ಅಡಗುತ್ತದೆ ಎಂಬುದನ್ನು ನಾನೂ ಕಣ್ಣಾರೆ ಕಂಡದ್ದು ಗಾಜಿನ ತೊಟ್ಟಿಯಲ್ಲಿಯೇ. ಆದ್ದರಿಂದ ಸಿಹಿನೀರಿನ ತೊಟ್ಟಿಗಳೇ ನಮ್ಮ ಮಕ್ಕಳಿಗೆ ಹೆಚ್ಚು ಹೊಸದು ಎಂದು ನಾನು ಭಾವಿಸುತ್ತೇನೆ.

ಮಕ್ಕಳಿಗೆ ಒಂದು ಕೆಲಸ ಕೊಡಿ. ಮೀನಿನ ಬಾಯಿ ಯಾವ ಕಡೆಗೆ ತೆರೆಯುತ್ತದೆ ಎಂದು ಮೊದಲು ನೋಡಲಿ, ಅದು ನೀರಿನ ಯಾವ ಮಟ್ಟದಲ್ಲಿ ಮೇಯುತ್ತದೆ ಎಂದು ಊಹಿಸಲಿ, ಆಮೇಲೆ ಸ್ವಲ್ಪ ಹೊತ್ತು ನಿಂತು ಊಹೆ ಸರಿಯೋ ಎಂದು ನೋಡಲಿ. ಕಾಟ್ಲಾದ ದೊಡ್ಡ ಬಾಯಿ ಮೇಲ್ಮುಖವಾಗಿದೆ, ಅದು ಮೇಲಿನ ನೀರಿನಲ್ಲಿ ಮೇಯುತ್ತದೆ. ರೋಹು ನಡುನೀರಿನದು. ಮೃಗಾಲ್‌ನ ಬಾಯಿ ಕೆಳಮುಖ, ಅದು ತಳದ ಕೆಸರನ್ನು ಕೆದಕುತ್ತದೆ. ಈ ಮೂರನ್ನೂ ಒಂದೇ ಕೆರೆಯಲ್ಲಿ ಬಿಡುವುದು ಇದೇ ಕಾರಣಕ್ಕೆ. ಒಂದರ ಊಟಕ್ಕೆ ಇನ್ನೊಂದು ಬಾಯಿ ಹಾಕುವುದು ಕಡಿಮೆ.

ಕೊರವ ಮೀನು ಇದ್ದರೆ ಅದರ ಮುಂದೆ ಸಾಕಷ್ಟು ಹೊತ್ತು ನಿಲ್ಲಿ. ಅದು ಆಗಾಗ ಮೇಲೆ ಬಂದು ಗಾಳಿಯನ್ನು ಗುಟುಕರಿಸಿ ಮತ್ತೆ ಕೆಳಗೆ ಹೋಗುತ್ತದೆ. ಗಾಳಿ ಸಿಗದಂತೆ ತಡೆದರೆ ನೀರಿನೊಳಗೇ ಉಸಿರುಗಟ್ಟಿ ಸಾಯುವ ಮೀನು ಅದು. ಮರಿಗಳು ಕೆಂಪು ಗುಂಪಾಗಿ ಮೇಲೆ ಓಡಾಡುವಾಗ ತಾಯಿ ತಂದೆ ಕೆಳಗೆ ಕಾವಲಿರುತ್ತವೆ. ಆ ಹೊತ್ತಿನಲ್ಲಿ ಅದನ್ನು ಹಿಡಿಯಬಾರದೆಂದು ನಮ್ಮ ತಂದೆಯವರು ಕಟ್ಟುನಿಟ್ಟಾಗಿ ಹೇಳುತ್ತಿದ್ದರು.

ನಿವೃತ್ತ ಮೀನುಗಾರಿಕೆ ಅಧಿಕಾರಿ, ವಿಜಯಪುರ

ಆಲಮಟ್ಟಿಯ ತಮ್ಮನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಕಾಟ್ಲಾ, ರೋಹು, ಮೃಗಾಲ್ ಮೂರೂ ಮೂಲದಲ್ಲಿ ಗಂಗಾ ನದಿಯ ಕಡೆಯ ಮೀನುಗಳು. ಅವುಗಳ ಮರಿಗಳನ್ನು ತಂದು ನಮ್ಮ ಜಲಾಶಯಗಳಲ್ಲಿ ಬಿತ್ತಲಾಗಿದೆ. ನಮ್ಮ ನದಿಯ ಸ್ವಂತ ದೊಡ್ಡ ಮೀನನ್ನು ನೋಡಬೇಕೆಂದರೆ ದಖನಿನ ಮಹಶೀರ್ ನೋಡಬೇಕು. 1839ರಲ್ಲಿ ಸೈಕ್ಸ್ ಎಂಬ ಅಧಿಕಾರಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಪುಣೆಯ ಬಳಿಯ ಮುಳಾ-ಮುಠಾ ನದಿಯಲ್ಲಿ ಸಿಕ್ಕ ಮೀನಿನಿಂದ. ಆ ನೀರು ಭೀಮೆಗೆ ಸೇರಿ ನಮ್ಮ ಇಂಡಿ ತಾಲ್ಲೂಕಿನ ಅಂಚಿನಲ್ಲಿ ಹರಿದು ಕೃಷ್ಣೆಗೆ ಕೂಡುತ್ತದೆ. ಮಹಶೀರಿಗೆ ಹರಿಯುವ ತಿಳಿನೀರು, ಕಲ್ಲುಗುಂಡಿನ ತಳ ಬೇಕು. ನಿಂತ ನೀರಿನಲ್ಲಿ ಅದರ ಸಂತಾನ ಹೆಚ್ಚುವುದಿಲ್ಲ. ತೊಟ್ಟಿಯಲ್ಲಿ ಅದನ್ನು ಇಟ್ಟಿದ್ದರೆ ನೀರನ್ನು ರಭಸದಿಂದ ಹರಿಸುವ ಪಂಪ್ ಇರುತ್ತದೆ, ಮೀನು ಆ ಹರಿವಿಗೆ ಮುಖಮಾಡಿ ನಿಂತಿರುತ್ತದೆ. ಅದನ್ನು ತಪ್ಪದೆ ತೋರಿಸಿ.

ಅಂಬೋಲಿ ದಾರಿಯವರು, ಬೆಳಗಾವಿ

ಎಲ್ಲರ ಉತ್ಸಾಹಕ್ಕೆ ಗೌರವ ಸಲ್ಲಿಸುತ್ತಲೇ ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ಬಹುದೂರ ಈಜಾಡುವ ಜೀವಿಗಳನ್ನು ಗಾಜಿನ ಗೋಡೆಗಳ ನಡುವೆ ಇಟ್ಟು ಮಕ್ಕಳಿಗೆ ತೋರಿಸುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಅದರಲ್ಲಿಯೂ ಶಾರ್ಕ್‌ಗಳು ಒಂದೇ ವೃತ್ತದಲ್ಲಿ ಸುತ್ತುತ್ತಿರುವುದನ್ನು ನೋಡಿದಾಗ ಅದು ಪಾಠವಲ್ಲ ಎಂದೇ ನನಗೆ ಅನ್ನಿಸಿದೆ. ಬೆಳಗಾವಿಯಿಂದ ಅಂಬೋಲಿ ಘಾಟ ಇಳಿದು ಸಾವಂತವಾಡಿಯ ಮೇಲೆ ಮಾಲವಣಕ್ಕೆ ಹೋದರೆ, ನೀರಿಳಿತದ ಹೊತ್ತಿನಲ್ಲಿ ಬಂಡೆಗಳ ನಡುವಿನ ಕುಳಿಗಳಲ್ಲಿ ನಿಂತ ನೀರಿನಲ್ಲಿಯೇ ಸನ್ಯಾಸಿ ಏಡಿ, ಕಡಲ ಅನಿಮೋನ್, ಸಣ್ಣ ಮೀನುಗಳನ್ನು ಅವುಗಳ ಮನೆಯಲ್ಲಿಯೇ ನೋಡಬಹುದು. ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತಮುತ್ತ ಇಳಿತ ಹೆಚ್ಚು, ಆಗ ಹೆಚ್ಚು ಬಂಡೆಗಳು ತೆರೆದುಕೊಳ್ಳುತ್ತವೆ. ಅಲ್ಲಿನ ಕಡಲಿನ ಒಂದು ಭಾಗವು 1987ರಿಂದ ಸಂರಕ್ಷಿತ ಸಾಗರ ಅಭಯಾರಣ್ಯವಾಗಿರುವುದರಿಂದ ಏನನ್ನೂ ಎತ್ತಿ ತರಬಾರದು ಎಂಬ ಶಿಸ್ತನ್ನೂ ಮಕ್ಕಳು ಕಲಿಯುತ್ತಾರೆ.

ನವನಗರದ ವಿಜ್ಞಾನ ಶಿಕ್ಷಕ, ಬಾಗಲಕೋಟೆ

ನಿಮ್ಮ ಮಾತನ್ನು ತಳ್ಳಿಹಾಕುವ ಮನಸ್ಸು ನನಗಿಲ್ಲ. ದೂರ ಸಂಚಾರದ ದೊಡ್ಡ ಜೀವಿಗಳನ್ನು ತೊಟ್ಟಿಯಲ್ಲಿ ಇಡುವುದಕ್ಕೂ ಒಂದೇ ಬಂಡೆಯ ಸಂದಿನಲ್ಲಿ ಬಾಳುವೆ ಕಳೆಯುವ ಸಣ್ಣ ಮೀನನ್ನು ಇಡುವುದಕ್ಕೂ ಬಹಳ ವ್ಯತ್ಯಾಸವಿದೆ ಎಂದು ನಾನೂ ತಿಳಿದಿದ್ದೇನೆ. ಆದರೆ ಜಾರುವ ಬಂಡೆಗಳ ಮೇಲೆ, ನೀರೇರುವ ಹೊತ್ತಿನ ಅಂದಾಜಿಲ್ಲದ ಬಯಲುಸೀಮೆಯ ಮಕ್ಕಳ ದೊಡ್ಡ ಗುಂಪನ್ನು ಇಳಿಸುವ ಧೈರ್ಯ ನನಗಿಲ್ಲ. ಅಲ್ಲದೆ ಮಾಲವಣದ ಕುಳಿಗಳಲ್ಲಿ ನಮ್ಮ ಕೊರವ, ಮಹಶೀರ್ ಸಿಗುವುದಿಲ್ಲ. ಎರಡು ಬಗೆಯ ನೀರನ್ನು ಅಕ್ಕಪಕ್ಕದಲ್ಲಿ ನೋಡುವ ಅವಕಾಶ ಮತ್ಸ್ಯಾಲಯದಲ್ಲಿ ಮಾತ್ರವಿದೆ. ಮೀನುಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆಯೇ ಎಂದು ನೋಡುವವರು ತಿಳಿಯುವುದು ಹೇಗೆ? ಅದನ್ನು ಬಲ್ಲವರು ಹೇಳಿದರೆ ಮಕ್ಕಳಿಗೂ ಆ ಕಣ್ಣು ಕೊಡಬಹುದು.

ಮನೆಯಲ್ಲಿ ಕಡಲ ತೊಟ್ಟಿ ಸಾಕಿದವರು, ಶಹಾಪುರ, ಬೆಳಗಾವಿ

ಗುರುಗಳೇ, ಇದಕ್ಕೆ ನಾನು ಉತ್ತರಿಸಬಲ್ಲೆ. ಮೊದಲು ಮೀನಿನ ಉಸಿರಾಟವನ್ನು ನೋಡಬೇಕು. ಕಿವಿರಿನ ಮುಚ್ಚಳ ಶಾಂತವಾಗಿ, ಒಂದೇ ಲಯದಲ್ಲಿ ತೆರೆದು ಮುಚ್ಚುತ್ತಿದ್ದರೆ ಒಳ್ಳೆಯದು. ಗಾಳಿಯನ್ನು ಉಸಿರಾಡದ ಮೀನುಗಳೂ ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿದ್ದರೆ ಆ ನೀರಿನಲ್ಲಿ ಆಮ್ಲಜನಕ ಸಾಲುತ್ತಿಲ್ಲ. ಬಿಸಿಯಾದಷ್ಟೂ, ಉಪ್ಪಾದಷ್ಟೂ ನೀರು ಹಿಡಿಯುವ ಆಮ್ಲಜನಕ ಕಡಿಮೆ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಹಿಡಿದರೆ ಕಡಲ ನೀರು 7ಕ್ಕಿಂತ ಕಡಿಮೆ ಹಿಡಿಯುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಕಡಲ ತೊಟ್ಟಿಯನ್ನು ತಂಪಾಗಿಡುವುದು ಎಂಥ ಹೊಣೆ ಎಂದು ಇದರಿಂದ ತಿಳಿಯಬಹುದು.

ಎರಡನೆಯದಾಗಿ, ಕಣ್ಣಿಗೆ ಕಾಣದ ಕೆಲಸಗಾರರ ಬಗ್ಗೆ ಹೇಳಿ. ಮೀನು ತನ್ನ ಕಿವಿರಿನಿಂದ ಅಮೋನಿಯಾ ಬಿಡುತ್ತದೆ, ಅದು ಮೀನಿಗೇ ವಿಷ. ನದಿಯಲ್ಲಿ ಅದು ಹರಿದು ಹೋಗುತ್ತದೆ, ತೊಟ್ಟಿಯಲ್ಲಿ ಹೋಗಲು ದಾರಿಯಿಲ್ಲ. ಶೋಧಕದಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ಕೊನೆಗೆ ಉಳಿಯುವ ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ನೀರನ್ನು ಭಾಗಶಃ ಬದಲಿಸಿ ಅದನ್ನು ತಗ್ಗಿಸುತ್ತಾರೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ಹಲವು ವಾರಗಳು ಬೇಕು. ಹೆಪ್ಪು ಹಾಕಿದ ತಕ್ಷಣ ಹಾಲು ಮೊಸರಾಗದ ಹಾಗೆಯೇ ನೀರು ತುಂಬಿದ ದಿನವೇ ತೊಟ್ಟಿ ಸಿದ್ಧವಾಗುವುದಿಲ್ಲ. ಅನುಮತಿ ಸಿಕ್ಕರೆ ಮಕ್ಕಳನ್ನು ತೊಟ್ಟಿಗಳ ಹಿಂಬದಿಯ ಕೋಣೆಗೆ ಕರೆದುಕೊಂಡು ಹೋಗಿ. ಮುಂದಿನ ಗಾಜಿಗಿಂತ ಅಲ್ಲಿ ಕಲಿಯುವುದು ಹೆಚ್ಚಿದೆ. ಕಡಲ ತೊಟ್ಟಿಗಳ ಅಂಚಿನಲ್ಲಿ ಬಿಳಿಯ ಉಪ್ಪಿನ ಪದರವನ್ನೂ, ನೊರೆ ಎಬ್ಬಿಸಿ ಕೊಳೆ ತೆಗೆಯುವ ಕೊಳವೆಯಂಥ ಉಪಕರಣವನ್ನೂ ಕಾಣುವಿರಿ. ಸಿಹಿನೀರಿನಲ್ಲಿ ಹಾಗೆ ನಿಲ್ಲುವ ನೊರೆ ಏಳುವುದಿಲ್ಲವಾದ್ದರಿಂದ ಆ ಉಪಕರಣ ಸಾಮಾನ್ಯವಾಗಿ ಕಡಲ ತೊಟ್ಟಿಗೇ ಮೀಸಲು. ಕಡಲ ತೊಟ್ಟಿಯ ನೀರು ಆವಿಯಾಗಿ ಇಳಿದಾಗ ಅದಕ್ಕೆ ಯಾವ ನೀರು ಸೇರಿಸಬೇಕೆಂದು ಮಕ್ಕಳನ್ನೇ ಕೇಳಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಆದ್ದರಿಂದ ಸೇರಿಸಬೇಕಾದದ್ದು ಸಿಹಿನೀರು.

ಗಾಜನ್ನು ಬಡಿಯದಂತೆ ಮೊದಲೇ ಎಚ್ಚರಿಸಿ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ ನೀರಿನಲ್ಲಿ ಸುಮಾರು 1,500 ಮೀಟರ್ ಸಾಗುತ್ತದೆ, ಜೊತೆಗೆ ಮೀನಿನ ಮೈಯ ಪಕ್ಕದಲ್ಲಿ ನೀರಿನ ಸಣ್ಣ ಕದಲಿಕೆಯನ್ನೂ ಅರಿಯುವ ಒಂದು ಗೆರೆಯೇ ಇದೆ. ಕ್ಯಾಮೆರಾದ ಫ್ಲ್ಯಾಶ್ ಕೂಡ ಬೇಡ. ಹೆಚ್ಚಿನ ಮೀನುಗಳಿಗೆ ಮುಚ್ಚಿಕೊಳ್ಳಲು ಕಣ್ಣಿನ ರೆಪ್ಪೆಯಿಲ್ಲ. ಇನ್ನೊಂದು, ಇದು ನಿಮ್ಮ ಭೌತಶಾಸ್ತ್ರದ ಪಾಠಕ್ಕೆ ಒದಗುತ್ತದೆ: ನೇರವಾಗಿ ಎದುರಿಗೆ ನಿಂತು ನೋಡಿದಾಗ ನೀರಿನೊಳಗಿನ ಮೀನು ತನ್ನ ನಿಜವಾದ ದೂರದ ಮುಕ್ಕಾಲು ಭಾಗದಷ್ಟೇ ದೂರದಲ್ಲಿದ್ದಂತೆ ಕಾಣುತ್ತದೆ, ಅದರಿಂದ ದೊಡ್ಡದಾಗಿಯೂ ತೋರುತ್ತದೆ.

ಇಬ್ಬರು ಮಕ್ಕಳ ತಾಯಿ, ವಿಜಯಪುರ

ಅಣ್ಣನವರೇ, ಮನೆಯಲ್ಲಿ ಕಡಲಕುದುರೆ ಸಾಕಬಹುದೇ? ಮಗಳು ಅದರ ಗಂಡೇ ಮರಿ ಹೆರುತ್ತದೆ ಎಂದು ಎಲ್ಲಿಯೋ ಓದಿ ಹಟ ಹಿಡಿದಿದ್ದಾಳೆ.

ನಿವೃತ್ತ ಮೀನುಗಾರಿಕೆ ಅಧಿಕಾರಿ, ವಿಜಯಪುರ

ಇದಕ್ಕೆ ನಾನು ಉತ್ತರಿಸುವುದು ಸೂಕ್ತ. ಹೆಣ್ಣು ಕಡಲಕುದುರೆ ಗಂಡಿನ ಹೊಟ್ಟೆಯ ಮೇಲಿನ ಚೀಲದಲ್ಲಿ ಮೊಟ್ಟೆಯಿಡುತ್ತದೆ, ಗಂಡು ಅವುಗಳನ್ನು ಹೊತ್ತು ಮರಿಗಳನ್ನು ಹೊರಗೆ ಬಿಡುತ್ತದೆ. ಮಗಳು ಓದಿದ್ದು ನಿಜ. ಆದರೆ ಕಡಲಕುದುರೆಗೂ ಗಟ್ಟಿ ಹವಳಗಳಿಗೂ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅಂಗಡಿಯವರು ಕೊಟ್ಟರೂ ಕೊಳ್ಳಬೇಡಿ, ಅವುಗಳನ್ನು ಮತ್ಸ್ಯಾಲಯದಲ್ಲಿಯೇ ನೋಡಿ. ಕ್ಲೌನ್ ಮೀನನ್ನು ತೋರಿಸಿದರೆ ಅವಳಿಗೆ ಅಷ್ಟೇ ಅಚ್ಚರಿಯಾದೀತು: ಗುಂಪಿನ ಹಿರಿಯ ಹೆಣ್ಣು ಸತ್ತರೆ ಅದರ ಜೊತೆಗಾರ ಗಂಡೇ ಹೆಣ್ಣಾಗಿ ಬದಲಾಗುತ್ತದೆ.

ಈ ಸಂದರ್ಭದಲ್ಲಿ ಎಲ್ಲರಲ್ಲಿಯೂ ಕೈಮುಗಿದು ಕೇಳುವುದೊಂದಿದೆ. ಮತ್ಸ್ಯಾಲಯ ನೋಡಿ ಬಂದ ಉತ್ಸಾಹದಲ್ಲಿ ಮನೆಗೆ ಮೀನು ತಂದು, ಅದು ದೊಡ್ಡದಾದ ಮೇಲೆ ಹೊಳೆಗೋ ಕೆರೆಗೋ ಬಿಡುವವರಿದ್ದಾರೆ. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ಸಕ್ಕರ್ ಮೀನು ಹೀಗೆಯೇ ದೇಶದ ಅನೇಕ ಕಡೆ ಹೊರನೀರಿಗೆ ಸೇರಿ, ದಂಡೆಯಲ್ಲಿ ಬಿಲ ತೋಡುತ್ತ, ಮುಳ್ಳಿನಂಥ ಈಜುರೆಕ್ಕೆಗಳಿಂದ ಬಲೆ ಹರಿಯುತ್ತ ಮೀನುಗಾರರಿಗೆ ಸಂಕಟವಾಗಿದೆ. ಆಫ್ರಿಕಾದ ಕ್ಯಾಟ್‌ಫಿಶ್ ಸಾಕಣೆಯನ್ನು ನಿಷೇಧಿಸಿದ್ದೂ ಅದು ಹೊರಬಿದ್ದು ದೇಸಿ ಮೀನುಗಳನ್ನು ನುಂಗುವ ಕಾರಣಕ್ಕೆ. ಸಾಕಲಾಗದ ಮೀನನ್ನು ಅಂಗಡಿಗೇ ಮರಳಿಸಿ, ಕೃಷ್ಣೆಗೆ ಬಿಡಬೇಡಿ.

ಇತಿಹಾಸ ಉಪನ್ಯಾಸಕಿ, ಬಾಗಲಕೋಟೆ

ಚರ್ಚೆಯನ್ನು ಮೊದಲಿನಿಂದ ಓದುತ್ತಿದ್ದೇನೆ. ಸಾರ್ವಜನಿಕ ಮತ್ಸ್ಯಾಲಯ ಎಂಬ ವ್ಯವಸ್ಥೆ 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಆರಂಭವಾಯಿತು. ಮುಂಬಯಿಯ ತಾರಾಪೋರವಾಲಾ ಮತ್ಸ್ಯಾಲಯ 1951ರಲ್ಲಿ ತೆರೆಯಿತು, ದುಡಿಯಲು ಮುಂಬಯಿಗೆ ಹೋದ ನಮ್ಮ ಕಡೆಯ ಎಷ್ಟೋ ಕುಟುಂಬಗಳು ಕಡಲಿನ ಮೀನನ್ನು ಜೀವಂತವಾಗಿ ಮೊದಲು ಕಂಡದ್ದು ಅಲ್ಲಿ. ಆದರೆ ಮೀನನ್ನು ಗಮನಿಸಿ ಬರೆದಿಡುವ ಕೆಲಸ ನಮ್ಮ ನೆಲದಲ್ಲಿ ಬಹಳ ಹಿಂದೆಯೇ ನಡೆದಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಭಾಗವಿದೆ. ಅಲ್ಲಿ ಕಡಲಿನ ಮೀನುಗಳನ್ನೂ ನದಿಯ ಮೀನುಗಳನ್ನೂ ಬೇರೆಬೇರೆಯಾಗಿ ಹೆಸರಿಸಿ, ಯಾವುದಕ್ಕೆ ಎಂಥ ಆಹಾರ ಎಂಬುದನ್ನೂ ಹೇಳಿದೆ. ಈ ಜಿಲ್ಲೆಗಳೆಲ್ಲ ಆ ರಾಜ್ಯದೊಳಗೆ ಇದ್ದವು. ಮಕ್ಕಳು ಪ್ರವಾಸದಿಂದ ಬಂದ ಮೇಲೆ ತಾವು ನೋಡಿದ ಮೀನುಗಳನ್ನು ಹೀಗೆಯೇ ಎರಡು ನೀರಿನ ಪಟ್ಟಿಗಳಾಗಿ ಬರೆದು, ಪ್ರತಿಯೊಂದರ ಊರಿನ ಹೆಸರನ್ನು ಮನೆಯ ಹಿರಿಯರಿಂದ ಕೇಳಿ ಸೇರಿಸಿದರೆ ಬಹಳ ಬೆಲೆಯುಳ್ಳ ದಾಖಲೆಯಾಗುತ್ತದೆ.

ನವನಗರದ ವಿಜ್ಞಾನ ಶಿಕ್ಷಕ, ಬಾಗಲಕೋಟೆ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಉಪನ್ಯಾಸಕಿ ಮೇಡಂ ಹೇಳಿದ ಪಟ್ಟಿಯ ಕೆಲಸವನ್ನು ಪ್ರವಾಸದ ಮೊದಲೇ ಆರಂಭಿಸುವುದು ಇನ್ನೂ ಒಳ್ಳೆಯದೆಂದು ತೋರುತ್ತದೆ. ಆಲಮಟ್ಟಿಯ ತಮ್ಮನವರೇ, ನಿಮಗೆ ತೊಂದರೆಯಾಗದಿದ್ದರೆ ಒಂದು ಬೆಳಿಗ್ಗೆ ಮಕ್ಕಳನ್ನು ನಿಮ್ಮ ದಡಕ್ಕೆ ಕರೆತರಬಹುದೇ? ಬಲೆಯಿಂದ ಬಂದ ಮೀನಿನ ಬಾಯಿ, ಕಿವಿರು, ಈಜುರೆಕ್ಕೆಗಳನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ರತ್ನಾಗಿರಿಗೆ ಹೋದರೆ, ಅಲ್ಲಿನ ಸಿಹಿನೀರಿನ ತೊಟ್ಟಿಯ ಮುಂದೆ ಅವರನ್ನು ನಿಲ್ಲಿ ಎಂದು ನಾನು ಹೇಳಬೇಕಾಗುವುದಿಲ್ಲ. ಮತ್ಸ್ಯಾಲಯ ಆ ದಿನ ತೆರೆದಿರುತ್ತದೆಯೇ, ಹಿಂಬದಿಯ ಕೋಣೆಗೆ ಬಿಡುತ್ತಾರೆಯೇ ಎಂದು ಪತ್ರ ಬರೆದು ಕೇಳುತ್ತಿದ್ದೇನೆ.

ಆಲಮಟ್ಟಿ ಹಿನ್ನೀರಿನ ಮೀನುಗಾರರ ಮನೆಯವನು

ತೊಂದರೆ ಏನೂ ಇಲ್ಲ ಗುರುಗಳೇ, ಕರೆದುಕೊಂಡು ಬನ್ನಿ. ಬಲೆ ಎತ್ತಿ ದಡಕ್ಕೆ ಬರುವುದು ಬೆಳಕು ಹರಿಯುವ ಹೊತ್ತಿಗೆ. ಬಿಸಿಲೇರಿದ ಮೇಲೆ ಮೀನೆಲ್ಲ ಐಸಿನ ಪೆಟ್ಟಿಗೆ ಸೇರುತ್ತದೆ, ಆದ್ದರಿಂದ ಬೇಗ ಹೊರಡಬೇಕು. ಹಿನ್ನೀರಿನಲ್ಲಿ ಮೊಸಳೆಗಳಿರುವುದರಿಂದ ಮಕ್ಕಳು ನೀರಿಗಿಳಿಯಬಾರದು, ನಾವು ಮೀನನ್ನು ದಡದ ಮೇಲೆಯೇ ಅಗಲವಾದ ಬೋಗುಣಿಗಳಲ್ಲಿ ನೀರು ಹಾಕಿ ಇಟ್ಟಿರುತ್ತೇವೆ. ಕೊರವ ಜೀವಂತವಾಗಿ ಸಿಕ್ಕರೆ ನಿಮಗಾಗಿ ತೆಗೆದಿಡುತ್ತೇನೆ. ಹೆಸರುಗಳನ್ನು ಹೇಳಲು ನಮ್ಮ ದೊಡ್ಡಪ್ಪನವರನ್ನೂ ಕರೆಯುತ್ತೇನೆ, ಈಗ ಬಲೆಗೆ ಬೀಳದ ಮೀನುಗಳ ಹೆಸರೂ ಅವರಿಗೆ ಗೊತ್ತು. ಬರುವ ಹಿಂದಿನ ಸಂಜೆ ಒಂದು ಫೋನ್ ಮಾಡಿ, ಗಾಳಿ ಜೋರಿದ್ದರೆ ದೋಣಿ ಹೋಗುವುದಿಲ್ಲ.